ಬಿಸಿ ಡೆಲಿ ಮೀಟ್ ಸ್ಯಾಂಡ್‌ವಿಚ್: ಬ್ರೆಡ್ ಸೀಯದ ಹಾಗೆ, ಮಾಂಸ ತಣ್ಣಗೆ ಉಳಿಯದ ಹಾಗೆ ಮಾಡುವ ಕ್ರಮ

ಬ್ರೆಡ್ ಹೊರಗೆ ಕರಕಲು, ಒಳಗಿನ ಮಾಂಸ ಮಾತ್ರ ಈಗಷ್ಟೇ ಫ್ರಿಜ್‌ನಿಂದ ತೆಗೆದಷ್ಟು ತಣ್ಣಗೆ. ಇಲ್ಲವೇ ಮಾಂಸ ಬಿಸಿಯಾಗಿದೆ, ಆದರೆ ಕೆಳಗಿನ ಬ್ರೆಡ್ ತೊಯ್ದು ತೊಪ್ಪೆಯಾಗಿ, ಕೈಗೆತ್ತಿಕೊಂಡರೆ ಜೋತು ಬೀಳುತ್ತದೆ. ಮನೆಯಲ್ಲಿ ಬಿಸಿ ಸ್ಯಾಂಡ್‌ವಿಚ್ ಮಾಡಿ ಸೋತವರ ದೂರು ಹೆಚ್ಚಾಗಿ ಈ ಎರಡರಲ್ಲಿ ಒಂದು. ಎರಡಕ್ಕೂ ಕಾರಣ ಒಂದೇ. ಎಲ್ಲವನ್ನೂ ಒಟ್ಟಿಗೆ ಪೇರಿಸಿ, ಒಟ್ಟಿಗೇ ತವಾ ಮೇಲೆ ಇಡುತ್ತೇವೆ.

ಬ್ರೆಡ್‌ಗೆ ಬೇಕಾದ ಶಾಖ ಬೇರೆ, ಮಾಂಸಕ್ಕೆ ಬೇಕಾದ ಶಾಖ ಬೇರೆ. ಬ್ರೆಡ್‌ಗೆ ಒಣ ಶಾಖ ಬೇಕು, ಅದೂ ನಿಧಾನವಾಗಿ. ಮಾಂಸಕ್ಕೆ ಹಬೆಯ ಶಾಖ ಬೇಕು, ಅದೂ ಸ್ವಲ್ಪ ಹೊತ್ತು. ಹಾಗಾಗಿ ಎರಡನ್ನೂ ಬೇರೆ ಬೇರೆ ಬಿಸಿ ಮಾಡಿ, ಕೊನೆಯ ಕೆಲವು ನಿಮಿಷ ಮಾತ್ರ ಜೊತೆಗೆ ಇಡಬೇಕು. ಕೆಳಗಿನ ಹಂತಗಳ ಕ್ರಮ ಹಾಗೇ ಇದೆ. ಕ್ರಮ ಬದಲಿಸಿದರೆ ಹಳೇ ದೂರು ವಾಪಸ್ ಬರುತ್ತದೆ.

ಡೆಲಿ ಮೀಟ್ ಅಂತ ಇಲ್ಲಿ ಹೇಳುತ್ತಿರುವುದು ತೆಳುವಾಗಿ ಹೆಚ್ಚಿಟ್ಟ ಹ್ಯಾಮ್ (ಹದ ಮಾಡಿದ ಹಂದಿ ಮಾಂಸ), ಟರ್ಕಿ, ಚಿಕನ್ ಸ್ಲೈಸ್, ರೋಸ್ಟ್ ಬೀಫ್, ಪಾಸ್ಟ್ರಾಮಿ (ಮಸಾಲೆ ಹಚ್ಚಿ ಹೊಗೆಯಾಡಿಸಿದ ಬೀಫ್), ಸಲಾಮಿ (ಒಣಗಿಸಿದ ಸಾಸೇಜ್) ಇವುಗಳ ಬಗ್ಗೆ. ಇವು ಮೊದಲೇ ಬೆಂದಿರುತ್ತವೆ, ಅಥವಾ ಸಲಾಮಿಯ ಹಾಗೆ ಉಪ್ಪಿನಲ್ಲಿ ಹದಗೊಂಡು ಒಣಗಿರುತ್ತವೆ. ನಾವು ಬೇಯಿಸುತ್ತಿಲ್ಲ, ಬಿಸಿ ಮಾಡುತ್ತಿದ್ದೇವೆ ಅಷ್ಟೇ. ಇದು ನೆನಪಿದ್ದರೆ ಉರಿ ಜಾಸ್ತಿ ಇಡುವ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ.

ಮೊದಲು ಜೋಡಿಸಿಟ್ಟುಕೊಳ್ಳಬೇಕಾದದ್ದು

ಒಂದು ಸ್ಯಾಂಡ್‌ವಿಚ್‌ಗೆ 2 ಸ್ಲೈಸ್ ಬ್ರೆಡ್, 80ರಿಂದ 100 ಗ್ರಾಂ ಮಾಂಸ, 2 ಸ್ಲೈಸ್ ಚೀಸ್, 2 ಟೀ ಚಮಚ ಮೆತ್ತಗಿನ ಬೆಣ್ಣೆ ಸಾಕು. ಮಾಂಸ ಇದಕ್ಕಿಂತ ಜಾಸ್ತಿ ತುಂಬಿದರೆ ನೋಡಲು ಚೆನ್ನ, ಆದರೆ ನಡುಭಾಗ ಬಿಸಿಯಾಗುವುದಿಲ್ಲ. ಮೊದಲ ನಾಲ್ಕೈದು ಸಲ ಈ ಅಳತೆಯಲ್ಲೇ ಮಾಡಿ.

ಬ್ರೆಡ್ ಸುಮಾರು ಒಂದೂಕಾಲು ಸೆಂಟಿಮೀಟರ್ ದಪ್ಪ ಇರಲಿ. ತುಂಬಾ ಮೃದುವಾದ ತಾಜಾ ಬ್ರೆಡ್ ಒತ್ತಿದರೆ ಚಪ್ಪಟೆಯಾಗುತ್ತದೆ. ಹಿಂದಿನ ದಿನದ್ದು ಸ್ವಲ್ಪ ನೀರಾರಿ ಗಟ್ಟಿಯಾಗಿರುವುದರಿಂದ ಈ ಕೆಲಸಕ್ಕೆ ಅದೇ ಮೇಲು. ದೊಡ್ಡ ದೊಡ್ಡ ತೂತುಗಳಿರುವ ಬ್ರೆಡ್ ಬೇಡ. ಕರಗಿದ ಚೀಸ್ ಆ ತೂತುಗಳಿಂದ ಇಳಿದು ತವಾ ಮೇಲೆ ಸೀಯುತ್ತದೆ.

ಸಾಮಾನು ಅಂದರೆ ದಪ್ಪ ತಳದ ತವಾ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ, ಇಕ್ಕಳ, ಅಗಲವಾದ ಮಗುಚುವ ಕೈ, ಪೇಪರ್ ಟವೆಲ್, ಗರಗಸದಂಥ ಹಲ್ಲಿರುವ ಬ್ರೆಡ್ ಚಾಕು, ಮತ್ತೆ ಕೆಳಗಿನಿಂದ ಗಾಳಿಯಾಡುವಂಥ ತಂತಿಯ ಜಾಲರಿ. ಅಡುಗೆ ಥರ್ಮಾಮೀಟರ್ ಇದ್ದರೆ ಬಹಳ ಒಳ್ಳೆಯದು. ಸ್ಯಾಂಡ್‌ವಿಚ್ ಒತ್ತುವ ಯಂತ್ರ ಇಲ್ಲ ಅಂತ ಬೇಜಾರು ಬೇಡ. ನನ್ನ ಹತ್ತಿರ ಒಂದಿತ್ತು. ಅದು ಒತ್ತಿದ ರಭಸಕ್ಕೆ ಚೀಸ್ ಅರ್ಧಕ್ಕರ್ಧ ಯಂತ್ರದ ಪಾಲಾಗುತ್ತಿತ್ತು. ಈಗ ಅದು ಅಟ್ಟದ ಮೇಲಿದೆ.

ಹಂತ 1: ಮಾಂಸ ತಿನ್ನಲು ಯೋಗ್ಯವಾ ನೋಡಿ

ಪ್ಯಾಕೆಟ್ ತೆರೆದ ಮೇಲೆ 3ರಿಂದ 5 ದಿನದೊಳಗೆ ಮುಗಿಸಬೇಕು. ಫ್ರಿಜ್ ಒಳಗಿನ ತಾಪಮಾನ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ತೆರೆದ ದಿನವನ್ನು ಪ್ಯಾಕೆಟ್ ಮೇಲೆ ಪೆನ್ನಿನಿಂದ ಬರೆದಿಡಿ. ನೆನಪಿರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ, ಇರುವುದಿಲ್ಲ.

ಬೆರಳಿಗೆ ಲೋಳೆ ಲೋಳೆಯಾಗಿ ಅಂಟಿದರೆ, ಹುಳಿ ವಾಸನೆ ಬಂದರೆ, ಹಸಿರು ಅಥವಾ ಬೂದು ಕಲೆ ಕಂಡರೆ ಎಸೆಯಿರಿ. ತೊಳೆದು ಬಳಸುವ ಪ್ರಯತ್ನ ಬೇಡ. ಆದರೆ ಹ್ಯಾಮ್ ಅಥವಾ ರೋಸ್ಟ್ ಬೀಫ್ ಮೇಲೆ ಎಣ್ಣೆ ಬಿದ್ದ ನೀರಿನಲ್ಲಿ ಕಾಣುವಂಥ ಕಾಮನಬಿಲ್ಲಿನ ಹೊಳಪು ಕಂಡರೆ ಅಷ್ಟಕ್ಕೇ ಗಾಬರಿಯಾಗಬೇಡಿ. ಮಾಂಸದ ಎಳೆಗಳನ್ನು ಅಡ್ಡಕ್ಕೆ ಕತ್ತರಿಸಿದಾಗ ಬೆಳಕು ಅವುಗಳ ಮೇಲೆ ಬಿದ್ದು ಚದುರಿ ಹಾಗೆ ಕಾಣುತ್ತದೆ. ಲೋಳೆ, ವಾಸನೆ ಇಲ್ಲದಿದ್ದರೆ ಆ ಹೊಳಪು ಕೆಟ್ಟಿರುವ ಗುರುತಲ್ಲ.

ಇಲ್ಲಿ ಒಂದು ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಣ್ಣಗಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಅದು ಇದ್ದರೆ ವಾಸನೆಯೂ ಬರುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಗರ್ಭಿಣಿಯರು, 65 ವರ್ಷ ದಾಟಿದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಡೆಲಿ ಮೀಟ್ ತಿನ್ನುವುದಾದರೆ ಅದು 74 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ, ಅಂದರೆ ನಡುಭಾಗದಿಂದಲೂ ಹಬೆ ಏಳುವವರೆಗೆ ಬಿಸಿಯಾಗಲೇಬೇಕು. ಉಗುರುಬೆಚ್ಚಗೆ ಮಾಡಿದರೆ ಸಾಲದು. ಮನೆಯಲ್ಲಿ ಇಂಥವರು ಒಬ್ಬರಿದ್ದರೂ ಎಲ್ಲರ ಸ್ಯಾಂಡ್‌ವಿಚ್ ಅದೇ ಲೆಕ್ಕದಲ್ಲಿ ಮಾಡಿಬಿಡಿ. ತಟ್ಟೆ ಅದಲುಬದಲಾಗುವ ಭಯ ಇರುವುದಿಲ್ಲ.

ಹಂತ 2: ನೀರು ಒರೆಸಿ, ಬಿಡಿಸಿ

ಪ್ಯಾಕೆಟ್‌ನಲ್ಲಿ ಬರುವ ಹ್ಯಾಮ್, ಟರ್ಕಿ, ಚಿಕನ್‌ಗೆ ತಯಾರಿಸುವಾಗ ಉಪ್ಪುನೀರು ಸೇರಿಸಿರುವುದು ಸಾಮಾನ್ಯ. ಬಿಸಿ ತಾಗಿದ ಕೂಡಲೇ ಆ ನೀರು ಹೊರಗೆ ಬರುತ್ತದೆ. ಬ್ರೆಡ್ ತೊಪ್ಪೆಯಾಗಲು ಹೆಚ್ಚಾಗಿ ಇದೇ ಕಾರಣ. ಬಹಳ ಜನ ಸಾಸ್ ಮೇಲೆ ತಪ್ಪು ಹೊರಿಸುತ್ತಾರೆ, ಪಾಪ ಸಾಸ್‌ದು ಏನೂ ಇರುವುದಿಲ್ಲ.

ಸ್ಲೈಸ್‌ಗಳನ್ನು ಒಂದೊಂದಾಗಿ ಬಿಡಿಸಿ ಪೇಪರ್ ಟವೆಲ್ ಮೇಲೆ ಹರಡಿ, ಮೇಲಿಂದ ಇನ್ನೊಂದು ಟವೆಲ್ ಇಟ್ಟು ಮೆತ್ತಗೆ ಒತ್ತಿ. ಸ್ಲೈಸ್‌ಗಳ ನಡುವೆ ಪ್ಲಾಸ್ಟಿಕ್ ಹಾಳೆ ಇದ್ದರೆ ತೆಗೆಯಿರಿ. ಸಲಾಮಿಯ ಸುತ್ತ ಕಾಗದದಂಥ ಸಿಪ್ಪೆ ಇದ್ದರೆ ಈಗಲೇ ಸುಲಿಯಿರಿ. ಬಿಸಿಯಾದ ಮೇಲೆ ಅದು ಬಾಯಲ್ಲಿ ನಾರಿನ ಹಾಗೆ ಸಿಗುತ್ತದೆ.

ಆಮೇಲೆ, ಸಲಾಮಿ ಒಂದನ್ನು ಬಿಟ್ಟು, ಪ್ರತಿ ಸ್ಲೈಸನ್ನೂ ಸಡಿಲವಾಗಿ ಮಡಚಿ, ಸೆರಗಿನ ನೆರಿಗೆಯ ಹಾಗೆ. ಚಪ್ಪಟೆಯಾಗಿ ಒಂದರ ಮೇಲೊಂದು ಇಟ್ಟರೆ ಆರು ಸ್ಲೈಸ್ ಸೇರಿ ಒಂದು ದಪ್ಪ ಗಡ್ಡೆಯಾಗುತ್ತದೆ. ಅದರ ನಡುವಿಗೆ ಶಾಖ ಹೋಗುವುದಿಲ್ಲ. ಕಚ್ಚಿದಾಗ ಇಡೀ ಗಡ್ಡೆ ಒಂದೇ ಏಟಿಗೆ ಹೊರಗೆ ಜಾರುತ್ತದೆ. ನೆರಿಗೆಗಳ ನಡುವೆ ಹಬೆ ಓಡಾಡಲು ಜಾಗ ಇರುತ್ತದೆ, ಬೇಗ ಬಿಸಿಯಾಗುತ್ತದೆ.

ಹಂತ 3: ಮಾಂಸವನ್ನು ಬೇರೆಯಾಗಿ ಬಿಸಿ ಮಾಡಿ

ತವಾ ಮಧ್ಯಮ ಉರಿಯಲ್ಲಿ ಎರಡು ನಿಮಿಷ ಕಾಯಲಿ. ನೆರಿಗೆ ಮಾಡಿದ ಮಾಂಸವನ್ನು ನಡುವೆ ಗುಡ್ಡೆ ಹಾಕಿ. ಪಕ್ಕದಲ್ಲಿ, ಮಾಂಸದ ಮೇಲೆ ಅಲ್ಲ, ಒಂದು ಟೇಬಲ್ ಚಮಚ ನೀರು ಅಥವಾ ಉಪ್ಪಿಲ್ಲದ ಸಾರು (ಊಟದ ಸಾರಲ್ಲ, ಮಾಂಸ ಅಥವಾ ತರಕಾರಿ ಬೇಯಿಸಿ ಸೋಸಿದ ತಿಳಿ ನೀರು) ಹಾಕಿ ತಕ್ಷಣ ಮುಚ್ಚಳ ಮುಚ್ಚಿ. 60ರಿಂದ 90 ಸೆಕೆಂಡ್ ಹಾಗೇ ಬಿಡಿ. ಹಬೆ ಮಾಂಸದ ಎಲ್ಲಾ ಕಡೆಗೂ ತಾಗುತ್ತದೆ, ಅಂಚು ಒಣಗುವುದಿಲ್ಲ. ಮುಚ್ಚಳ ತೆಗೆದು, ಇಕ್ಕಳದಿಂದ ಒಮ್ಮೆ ತಿರುವಿ, ಒಳಗಿನಿಂದಲೂ ಹಬೆ ಏಳುತ್ತಿದ್ದರೆ ತಟ್ಟೆಗೆ ತೆಗೆಯಿರಿ. ತವಾದಲ್ಲಿ ಉಳಿದ ನೀರನ್ನು ಮಾಂಸದ ಮೇಲೆ ಸುರಿಯಬೇಡಿ.

ಥರ್ಮಾಮೀಟರ್ ಇದ್ದರೆ ಅದರ ತುದಿಯನ್ನು ಗುಡ್ಡೆಯ ಬದಿಯಿಂದ ನಡುವಿಗೆ ತೂರಿಸಿ ನೋಡಿ. ಮೇಲಿನಿಂದ ಚುಚ್ಚಿದರೆ ತುದಿ ತವಾಕ್ಕೆ ತಗುಲಿ ಸುಳ್ಳು ಲೆಕ್ಕ ತೋರಿಸುತ್ತದೆ. ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಹ್ಯಾಮ್, ಪಾಸ್ಟ್ರಾಮಿಗಳನ್ನು ಹದ ಮಾಡಲು ಹಾಕುವ ನೈಟ್ರೈಟ್ ಎಂಬ ಲವಣದಿಂದಾಗಿ ಅವು ಎಷ್ಟೇ ಬಿಸಿಯಾದರೂ ಗುಲಾಬಿಯಾಗೇ ಇರುತ್ತವೆ. ಗುಲಾಬಿ ಇದೆ ಅಂತ ಇನ್ನೂ ಇನ್ನೂ ಬಿಸಿ ಮಾಡಿ ರಬ್ಬರ್ ಮಾಡಿಕೊಂಡವರು ಬಹಳ ಜನ.

ಎಲ್ಲಾ ಮಾಂಸವೂ ಒಂದೇ ಥರ ನಡೆದುಕೊಳ್ಳುವುದಿಲ್ಲ.

ಟರ್ಕಿ ಮತ್ತು ಚಿಕನ್‌ನಲ್ಲಿ ಕೊಬ್ಬು ಕಡಿಮೆ, ಬೇಗ ಒಣಗುತ್ತವೆ. ನೀರಿನ ಜೊತೆ ಕಾಲು ಚಮಚ ಬೆಣ್ಣೆ ಹಾಕಿ. ಒಂದು ನಿಮಿಷಕ್ಕೇ ನೋಡಿ. ಅಂಚು ಸುರುಳಿ ಸುತ್ತಿಕೊಳ್ಳಲು ಶುರುವಾದರೆ ಹೊತ್ತು ಮೀರಿತು ಅಂತ ಅರ್ಥ.

ಹ್ಯಾಮ್ ಸುಲಭ. ಹಬೆ ಆದ ಮೇಲೆ ಮುಚ್ಚಳ ತೆಗೆದು ಇನ್ನರ್ಧ ನಿಮಿಷ ಬಿಟ್ಟರೆ ಅಂಚು ಸ್ವಲ್ಪ ಕಂದಾಗಿ ರುಚಿ ಏರುತ್ತದೆ. ಆದರೆ ಜೇನು ಅಥವಾ ಸಕ್ಕರೆ ಲೇಪಿಸಿದ ಹ್ಯಾಮ್ ಆದರೆ ತವಾ ಬಿಟ್ಟು ಕದಲಬೇಡಿ, ಸಕ್ಕರೆ ಕ್ಷಣದಲ್ಲಿ ಕಪ್ಪಾಗುತ್ತದೆ.

ರೋಸ್ಟ್ ಬೀಫ್ ಎಲ್ಲಕ್ಕಿಂತ ಸೂಕ್ಷ್ಮ. ಇದಕ್ಕೆ ತವಾ ಬೇಡ. ಚಿಕ್ಕ ಪಾತ್ರೆಯಲ್ಲಿ ಸಾರು ಬಿಸಿ ಮಾಡಿ, ಕುದಿ ಬರುವ ಮುಂಚೆ ಉರಿ ಸಣ್ಣ ಮಾಡಿ, ಇಕ್ಕಳದಲ್ಲಿ ಹಿಡಿದು 20ರಿಂದ 30 ಸೆಕೆಂಡ್ ಅದ್ದಿ, ಚೆನ್ನಾಗಿ ಬಸಿದು ತೆಗೆಯಿರಿ. ನಡುವಿನ ಗುಲಾಬಿ ಬಣ್ಣ ಸ್ವಲ್ಪವಾದರೂ ಉಳಿಯುತ್ತದೆ. 74 ಡಿಗ್ರಿ ಬೇಕಾದವರಿಗೆ ಮಾಡುವಾಗ ಇನ್ನೂ ಹೊತ್ತು ಇಟ್ಟು, ಥರ್ಮಾಮೀಟರ್‌ನಲ್ಲಿ ನೋಡಿಯೇ ತೆಗೆಯಿರಿ. ಆಗ ಬಣ್ಣ ಬೂದಾಗುತ್ತದೆ, ಆಗಲಿ ಬಿಡಿ. ಆ ಸಾರನ್ನು ಚೆಲ್ಲಬೇಡಿ, ಒಮ್ಮೆ ಕುದಿಸಿ ಬಟ್ಟಲಿಗೆ ಹಾಕಿ. ಸ್ಯಾಂಡ್‌ವಿಚ್ ಅದ್ದಿಕೊಂಡು ತಿನ್ನಲು ಚೆನ್ನಾಗಿರುತ್ತದೆ.

ಪಾಸ್ಟ್ರಾಮಿಗೆ ಹಬೆ ಅಂದರೆ ಪ್ರಾಣ. ಕೊಬ್ಬು ಜಾಸ್ತಿ ಇರುವುದರಿಂದ ಒಂದೆರಡು ನಿಮಿಷ ಹೆಚ್ಚಾದರೂ ಹಾಳಾಗುವುದಿಲ್ಲ, ಇನ್ನೂ ಮೆತ್ತಗಾಗುತ್ತದೆ. ದಪ್ಪ ಸ್ಲೈಸ್ ಆದರೆ 4ರಿಂದ 5 ನಿಮಿಷ ಬೇಕು, ನೀರು ಆರಿದರೆ ಇನ್ನೊಂದು ಚಮಚ ಹಾಕಿ.

ಸಲಾಮಿಗೆ ಮಾತ್ರ ನೀರು ಬೇಡ, ಮಡಚುವುದೂ ಬೇಡ. ಸಣ್ಣ ಉರಿಯಲ್ಲಿ ಒಣ ತವಾ ಮೇಲೆ ಹರಡಿ, ಒಂದೊಂದು ಬದಿಗೆ ಒಂದು ನಿಮಿಷ. ಕೊಬ್ಬು ಕರಗಿ ಬರುತ್ತದೆ, ಪೇಪರ್ ಟವೆಲ್ ಮೇಲೆ ಬಸಿಯಿರಿ. ಸ್ಲೈಸ್ ಬಟ್ಟಲಿನ ಹಾಗೆ ಉಬ್ಬಿದರೆ ಅಂಚಿನಲ್ಲಿ ಒಂದು ಕಡೆ ಚಾಕುವಿನಿಂದ ಸೀಳು ಕೊಡಿ, ಚಪ್ಪಟೆಯಾಗುತ್ತದೆ.

ಮೈಕ್ರೋವೇವ್ ಮಾತ್ರ ಇದ್ದರೆ? ನಡೆಯುತ್ತದೆ. ನೆರಿಗೆ ಮಾಡಿದ ಮಾಂಸದ ಮೇಲೆ ಒದ್ದೆ ಪೇಪರ್ ಟವೆಲ್ ಮುಚ್ಚಿ, ಅರ್ಧ ಪವರ್‌ನಲ್ಲಿ 30 ಸೆಕೆಂಡ್ ಇಟ್ಟು, ತಿರುವಿ, ಮತ್ತೆ 20 ಸೆಕೆಂಡ್ ಇಡಿ. ಬೇಕಾದರೆ ಹೀಗೇ ಮುಂದುವರಿಸಿ. ಮೈಕ್ರೋವೇವ್‌ನಲ್ಲಿ ಒಂದು ಕಡೆ ಸುಡುತ್ತಿರುತ್ತದೆ, ಇನ್ನೊಂದು ಕಡೆ ತಣ್ಣಗಿರುತ್ತದೆ. ಅದಕ್ಕೇ ತಿರುವುವುದನ್ನು ಬಿಡಬೇಡಿ. ಬ್ರೆಡ್ಡನ್ನು ಮಾತ್ರ ಅದರೊಳಗೆ ಇಡಲೇಬೇಡಿ. ಮೊದಲು ಒದ್ದೆಯಾಗುತ್ತದೆ, ಆರಿದ ಮೇಲೆ ಚರ್ಮದ ಹಾಗೆ ಆಗುತ್ತದೆ.

ಹಂತ 4: ಬ್ರೆಡ್‌ನ ಒಳಮೈ ಮೊದಲು ಸುಟ್ಟುಕೊಳ್ಳಿ

ತವಾ ಒರೆಸಿ, ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ಇಡಿ. ಬೆಣ್ಣೆ ಹಚ್ಚದೆ, ಎರಡೂ ಸ್ಲೈಸ್‌ಗಳ ಒಂದೊಂದು ಬದಿಯನ್ನು ಒಂದರಿಂದ ಒಂದೂವರೆ ನಿಮಿಷ ಒಣಗಿಸಿ. ತಿಳಿ ಬಣ್ಣ ಬಂದು ಕೈಗೆ ಗರಿಗರಿ ಅನ್ನಿಸಿದರೆ ಸಾಕು. ಈ ಬದಿ ಸ್ಯಾಂಡ್‌ವಿಚ್‌ನ ಒಳಗೆ ಬರಬೇಕು. ಒಳಗಿನ ತೇವ ಬ್ರೆಡ್‌ಗೆ ಇಳಿಯದ ಹಾಗೆ ಇದು ತಡೆಯುತ್ತದೆ. ಬಹುತೇಕ ಎಲ್ಲರೂ ಬಿಟ್ಟುಬಿಡುವ ಹಂತ ಇದು. ಒಂದೇ ಒಂದು ಬದಲಾವಣೆ ಮಾಡಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಹಂತ 5: ಜೋಡಿಸುವ ಕ್ರಮ

ಸುಟ್ಟ ಬದಿ ಮೇಲೆ ಬರುವಂತೆ ಬ್ರೆಡ್ ಇಟ್ಟು, ಅದಕ್ಕೆ ತೆಳುವಾಗಿ ಮಸ್ಟರ್ಡ್ ಅಥವಾ ಮೇಯನೀಸ್ ಸವರಿ. ಅದರ ಮೇಲೆ ಒಂದು ಸ್ಲೈಸ್ ಚೀಸ್. ಆಮೇಲೆ ಬಿಸಿ ಮಾಂಸ. ಅದರ ಮೇಲೆ ಇನ್ನೊಂದು ಚೀಸ್. ಕೊನೆಗೆ ಮೇಲಿನ ಬ್ರೆಡ್. ಚೀಸ್ ಎರಡೂ ಕಡೆ ಇದ್ದರೆ ಬ್ರೆಡ್‌ಗೂ ಮಾಂಸಕ್ಕೂ ಅಂಟಿನ ಹಾಗೆ ಕೆಲಸ ಮಾಡುತ್ತದೆ, ತೇವವನ್ನೂ ತಡೆಯುತ್ತದೆ. ಮಾಂಸ ಬಿಸಿ ಇರುವಾಗಲೇ ಜೋಡಿಸಿ. ಆ ಬಿಸಿಗೇ ಚೀಸ್ ಕರಗಲು ಶುರುವಾಗುತ್ತದೆ.

ಚೀಸ್ ಆರಿಸುವಾಗ ಕರಗುವ ಜಾತಿಯದ್ದು ನೋಡಿ. ಸ್ವಿಸ್, ಪ್ರೊವೊಲೋನ್, ಮೊಝರೆಲ್ಲಾ, ಗೌಡಾ, ಹೆಚ್ಚು ಹಳೆಯದಲ್ಲದ ಚೆಡ್ಡಾರ್ ಇವೆಲ್ಲ ಸರಿ. ಸಂಸ್ಕರಿಸಿದ ಚೀಸ್ ಸ್ಲೈಸ್ ಎಲ್ಲಕ್ಕಿಂತ ನುಣುಪಾಗಿ ಕರಗುತ್ತದೆ, ಅದರಲ್ಲಿರುವ ಲವಣಗಳು ಕೊಬ್ಬು ಬೇರೆಯಾಗದಂತೆ ಹಿಡಿದಿಡುತ್ತವೆ. ಅದನ್ನು ಕೀಳಾಗಿ ನೋಡುವವರಿದ್ದಾರೆ, ಈ ಕೆಲಸಕ್ಕೆ ನನಗೆ ಅದರ ಮೇಲೆ ಏನೂ ಬೇಸರವಿಲ್ಲ. ನೀರಿನಲ್ಲಿ ತೇಲುತ್ತಾ ಬರುವ ತಾಜಾ ಮೊಝರೆಲ್ಲಾ ಆದರೆ ಹೆಚ್ಚಿ, ಚೆನ್ನಾಗಿ ಒರೆಸಿ ಬಳಸಿ. ಪಾರ್ಮೆಸಾನ್‌ನಂಥ ಒಣ ಚೀಸ್ ಒಂದನ್ನೇ ಹಾಕಿದರೆ ಕರಗಿ ಅಂಟುವುದಿಲ್ಲ.

ಟೊಮೇಟೊ, ಲೆಟ್ಯೂಸ್, ವಿನೆಗರ್‌ನಲ್ಲಿ ನೆನೆಸಿದ ಸೌತೆಕಾಯಿ ಈಗ ಬೇಡ. ಇವು ತವಾದಿಂದ ಇಳಿಸಿದ ಮೇಲೆ. ಉಪ್ಪು ಯಾವ ಹಂತದಲ್ಲೂ ಬೇಡ. ಮಾಂಸದಲ್ಲಿ, ಚೀಸ್‌ನಲ್ಲಿ ಬೇಕಾದಷ್ಟಿದೆ. ಬೆಣ್ಣೆಯೂ ಉಪ್ಪಿಲ್ಲದ್ದೇ ಇರಲಿ.

ಹಂತ 6: ತವಾ ಮೇಲೆ, ಸಣ್ಣ ಉರಿಯಲ್ಲಿ

ಹೊರಮೈಗೆ ಮೆತ್ತಗಿನ ಬೆಣ್ಣೆಯನ್ನು ಅಂಚಿನವರೆಗೂ ಸವರಿ. ಬೆಣ್ಣೆ ಗಟ್ಟಿ ಇದ್ದರೆ ಬ್ರೆಡ್ ಕಿತ್ತುಬರುತ್ತದೆ. ಆಗ ಮೇಯನೀಸ್ ಸವರಿ. ಅದು ಫ್ರಿಜ್‌ನಿಂದ ತೆಗೆದ ಕೂಡಲೇ ಹರಡುತ್ತದೆ, ಬಣ್ಣವೂ ಸಮವಾಗಿ ಬರುತ್ತದೆ. ಬೆಣ್ಣೆಯ ಪರಿಮಳ ಮಾತ್ರ ಇರುವುದಿಲ್ಲ.

ತವಾ ಮೇಲೆ ಇಟ್ಟು, ಮೊದಲ ಒಂದು ನಿಮಿಷ ಮುಚ್ಚಳ ಮುಚ್ಚಿ, ಚೀಸ್ ಕರಗಲಿ. ಆಮೇಲೆ ಮುಚ್ಚಳ ತೆಗೆಯಲೇಬೇಕು, ಇಲ್ಲದಿದ್ದರೆ ಹಬೆ ಕಟ್ಟಿ ಬ್ರೆಡ್ ಮೆತ್ತಗಾಗುತ್ತದೆ. ಒಟ್ಟು ಎರಡರಿಂದ ಮೂರು ನಿಮಿಷ ಆದಾಗ ಅಂಚು ಎತ್ತಿ ನೋಡಿ. ಚಿನ್ನದ ಬಣ್ಣ ಬಂದಿದ್ದರೆ ಮಗುಚಿ, ಇನ್ನೊಂದು ಬದಿಗೆ ಎರಡು ನಿಮಿಷ ಕೊಡಿ. ಮಗುಚುವ ಕೈಯಿಂದ ಮೆತ್ತಗೆ ಒತ್ತಿ, ಬ್ರೆಡ್ ಎಲ್ಲಾ ಕಡೆ ತವಾಕ್ಕೆ ತಾಗುವಷ್ಟು ಮಾತ್ರ. ಚೀಸ್ ಹೊರಗೆ ಬರುವಷ್ಟು ಒತ್ತುವ ಆಸೆ ಎಲ್ಲರಿಗೂ ಇರುತ್ತದೆ, ತಡೆದುಕೊಳ್ಳಿ.

ಕಿವಿಗೂ ಕೆಲಸ ಕೊಡಿ. ಮೆಲ್ಲಗೆ ಸಿರಿಸಿರಿ ಸದ್ದು ಬರುತ್ತಿದ್ದರೆ ಉರಿ ಸರಿ ಇದೆ. ಚಟಪಟ ಅಂದರೆ ಜಾಸ್ತಿ. ಸದ್ದೇ ಇಲ್ಲ ಅಂದರೆ ಬ್ರೆಡ್ ಸುಮ್ನೆ ಬೆಣ್ಣೆ ಕುಡಿಯುತ್ತಿದೆ, ಉರಿ ಸ್ವಲ್ಪ ಏರಿಸಿ. ಬೆಣ್ಣೆಯಿಂದ ಹೊಗೆ ಎದ್ದರೆ ತವಾವನ್ನೇ ಒಲೆಯಿಂದ ಇಳಿಸಿ. ಉರಿ ಕಡಿಮೆ ಮಾಡಿದರೂ ದಪ್ಪ ತಳ ಬೇಗ ಆರುವುದಿಲ್ಲ.

ಹಂತ 7: ಜಾಲರಿ, ಆಮೇಲೆ ಚಾಕು

ತಟ್ಟೆಗೆ ಹಾಕಬೇಡಿ, ಜಾಲರಿ ಮೇಲೆ ಇಡಿ. ತಟ್ಟೆಯಲ್ಲಿಟ್ಟರೆ ಕೆಳಗೆ ಹಬೆ ಸೇರಿ, ಅಷ್ಟು ಕಷ್ಟಪಟ್ಟು ತಂದ ಗರಿಗರಿ ಹೋಗುತ್ತದೆ. ಒಂದರಿಂದ ಎರಡು ನಿಮಿಷ ಬಿಟ್ಟರೆ ಚೀಸ್ ಸ್ವಲ್ಪ ಬಿಗಿಯಾಗುತ್ತದೆ. ಆಮೇಲೆ ಮೆಲ್ಲಗೆ ಬಿಡಿಸಿ, ಒರೆಸಿದ ಟೊಮೇಟೊ, ಲೆಟ್ಯೂಸ್ ಸೇರಿಸಿ ಮುಚ್ಚಿ. ಚಾಕುವನ್ನು ಒತ್ತದೆ, ಗರಗಸದ ಹಾಗೆ ಹಿಂದೆ ಮುಂದೆ ಎಳೆದು ಕತ್ತರಿಸಿ.

ನಾಲ್ಕಾರು ಜನಕ್ಕೆ ಒಟ್ಟಿಗೆ ಮಾಡುವಾಗ

ತವಾ ಮೇಲೆ ಒಂದೊಂದೇ ಮಾಡುತ್ತಾ ನಿಂತರೆ ಕೊನೆಯವರಿಗೆ ಬಡಿಸುವಾಗ ಮೊದಲಿನವರದ್ದು ತಣ್ಣಗಾಗಿರುತ್ತದೆ. ಓವನ್ ಬಳಸಿ. 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿ. ಮೂರು, ನಾಲ್ಕು, ಐದನೇ ಹಂತಗಳನ್ನು ಹಾಗೇ ಮಾಡಿ, ಹೊರಗೆ ಬೆಣ್ಣೆ ಸವರಿ, ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸಡಿಲವಾಗಿ ಸುತ್ತಿ 8 ನಿಮಿಷ ಇಡಿ. ಆಮೇಲೆ ಫಾಯಿಲ್ ಬಿಚ್ಚಿ ಇನ್ನೂ 4 ನಿಮಿಷ. ಬಿಚ್ಚದೆ ಹಾಗೇ ತೆಗೆದರೆ ಒಳಗೆ ಬಿಸಿ, ಹೊರಗೆ ಮೆತ್ತಗೆ. ಫಾಯಿಲ್ ಮೈಕ್ರೋವೇವ್‌ಗೆ ಹೋಗಬಾರದು, ಗೊತ್ತಿರುತ್ತದೆ, ಆದರೂ ಹೇಳಿಬಿಡುತ್ತೇನೆ.

ಏನು ಕಂಡರೆ ಎಲ್ಲಿ ತಪ್ಪಿದೆ

ಹೊರಗೆ ಕಂದು ಬಂದಿದೆ, ಚೀಸ್ ಕರಗಿಲ್ಲ ಅಂದರೆ ಉರಿ ಜಾಸ್ತಿ ಇತ್ತು, ಅಥವಾ ಮಾಂಸ ಬಿಸಿ ಮಾಡಿ ತುಂಬಾ ಹೊತ್ತು ಬಿಟ್ಟಿರಿ. ಈಗ ಉರಿ ಆರಿಸಿ, ಮುಚ್ಚಳ ಮುಚ್ಚಿ ಎರಡು ನಿಮಿಷ ಕಾಯಿರಿ, ತವಾದ ಬಿಸಿಗೇ ಕರಗುತ್ತದೆ.

ಚೀಸ್‌ನಿಂದ ಎಣ್ಣೆ ಹರಿಯುತ್ತಿದ್ದರೆ ಅದು ಅತಿಯಾಗಿ ಬಿಸಿಯಾಗಿದೆ, ಇಲ್ಲವೇ ತುಂಬಾ ಹಳೆಯ ಚೆಡ್ಡಾರ್ ಬಳಸಿದ್ದೀರಿ. ಅದನ್ನು ಮತ್ತೆ ಸೇರಿಸಲು ಆಗುವುದಿಲ್ಲ, ಮುಂದಿನ ಸಲ ನೋಡಿಕೊಳ್ಳಿ.

ಬ್ರೆಡ್‌ನ ನಡುಭಾಗ ಬೆಳ್ಳಗೆ, ಅಂಚು ಮಾತ್ರ ಕಂದು ಅಂದರೆ ಬೆಣ್ಣೆ ಸಮವಾಗಿ ಬಿದ್ದಿಲ್ಲ, ಅಥವಾ ತವಾದ ತಳ ಉಬ್ಬಿದೆ. ತಿನ್ನುವಾಗ ಉಪ್ಪುಪ್ಪು ಅನ್ನಿಸಿದರೆ ನೀರು ಕುಡಿಯುವುದಕ್ಕಿಂತ ಹುಳಿ ಸೇರಿಸಿ. ವಿನೆಗರ್‌ನಲ್ಲಿ ಹತ್ತು ನಿಮಿಷ ನೆನೆಸಿದ ಈರುಳ್ಳಿ ನಾಲ್ಕು ಎಳೆ ಹಾಕಿದರೆ ಉಪ್ಪು ಅಷ್ಟು ಎದ್ದು ಕಾಣುವುದಿಲ್ಲ.

ಉಳಿದದ್ದು

ಮಾಂಸ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಕೋಣೆಯ ಬಿಸಿ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಹಾಗಾಗಿ ಪ್ಯಾಕೆಟ್‌ನಿಂದ ಬೇಕಾದಷ್ಟು ತೆಗೆದುಕೊಂಡ ತಕ್ಷಣ ಉಳಿದದ್ದನ್ನು ಗಾಳಿಯಾಡದ ಹಾಗೆ ಸುತ್ತಿ ಫ್ರಿಜ್‌ಗೆ ಸೇರಿಸಿ, ಆಮೇಲೆ ಒಲೆ ಹಚ್ಚಿ. ಜಾಸ್ತಿ ಉಳಿದಿದ್ದರೆ ಒಂದೊಂದು ಸಲಕ್ಕೆ ಬೇಕಾದಷ್ಟು ಬೇರೆ ಮಾಡಿ ಫ್ರೀಜರ್‌ನಲ್ಲಿಟ್ಟರೆ ಒಂದೆರಡು ತಿಂಗಳು ರುಚಿ ಕೆಡದೆ ಇರುತ್ತದೆ. ಬೇಕಾದ ದಿನದ ಹಿಂದಿನ ರಾತ್ರಿ ಅದನ್ನು ಫ್ರಿಜ್‌ಗೆ ಇಳಿಸಿ. ಕರಗಿದಾಗ ಮಾಮೂಲಿಗಿಂತ ಜಾಸ್ತಿ ನೀರು ಬಿಡುತ್ತದೆ, ಎರಡನೇ ಹಂತದಲ್ಲಿ ಪೇಪರ್ ಟವೆಲ್ ಎರಡು ಹೆಚ್ಚು ಇಟ್ಟುಕೊಳ್ಳಿ.